ಪೆನಾಂಗ್ ಅತ್ತೆಯ ಕರಿ ಬಿಯರು

ಮೊನ್ನೆ ಬೆಳಿಗ್ಗೆ ರಾಗಿ ಹುರಿಯುತ್ತಿದ್ದೆ. ಹುರಿಯುತ್ತಿದ್ದೆ ಎನ್ನುವುದು ದೊಡ್ಡ ಮಾತು. ಬಾಣಲೆಗೆ ರಾಗಿ ಸುರಿದು, ನಾಲ್ಕು ಸಲ ಕೈಯಾಡಿಸಿ, ಬಟ್ಟೆ ಒಣಗಿತೇ ನೋಡೋಣವೆಂದು ತಾರಸಿಗೆ ಹೋದೆ. ತಾರಸಿಯಿಂದ ಪಕ್ಕದ ಮನೆಯ ನುಗ್ಗೆಮರ ಕಂಡಿತು. ಒಂದು ಹಿಡಿ ಸೊಪ್ಪು ಕೇಳಿದರಾಯಿತೆಂದು ಅಲ್ಲಿಗೆ ಹೋದೆ, ಹೋದವಳು ಮಾತಿಗೆ ನಿಂತೆ. ಸೊಪ್ಪು ಹಿಡಿದು ವಾಪಸು ಬಂದಾಗ ನಮ್ಮ ಬಾಗಿಲಲ್ಲೇ ವಾಸನೆ ಮೂಗಿಗೆ ಬಡಿಯಿತು. ರಾಗಿ ಸೀದು ಕರ್ರಗಾಗಿತ್ತು. ಒಲೆ ಆರಿಸಿ, ಕಿಟಕಿ ತೆಗೆದು, ಬೀಸಣಿಗೆ ಹುಡುಕಬೇಕಾದವಳು ಬಾಣಲೆಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಯಾಕೆಂದರೆ ಆ ವಾಸನೆ ನನ್ನನ್ನು ಅಡಿಗೆಮನೆಯಿಂದ ಎತ್ತಿ ಕೊಯಮತ್ತೂರಿನ ಒಂದು ಬಾರಿನಲ್ಲಿ ಕೂರಿಸಿತ್ತು.

ಗಾಬರಿಯಾಗಬೇಡಿ. ನಾನು ಬಾರಿಗೆ ಹೋಗಿದ್ದು ಎಂಬತ್ತರ ದಶಕದಲ್ಲಿ, ಒಬ್ಬ ಹಿರಿಯರ ಜೊತೆಗೆ, ಹಗಲು ಹೊತ್ತಿನಲ್ಲಿ.

ನನಗೆ ಹುಟ್ಟಿನಿಂದಲೇ ಕೂತಲ್ಲಿ ಕೂರಲು ಬರುವುದಿಲ್ಲ. ಕೊಯಮತ್ತೂರಿನ ಹತ್ತಿರ ಸಿರುಮುಗೈಯ ನಮ್ಮ ಹಳೆಯ ಮನೆಯಲ್ಲಿ ನಡುಮನೆಯೆಲ್ಲ ಮಗ್ಗದ್ದೇ. ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ. ಆ ಗುಂಡಿಯ ಅಂಚಿನಲ್ಲಿ ನಾನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡುತ್ತಿದ್ದೆನಂತೆ. ಅಜ್ಜಿ ನನಗೆ ಲಾಳಿ ಎಂದೇ ಹೆಸರಿಟ್ಟಿದ್ದರು. ಆಮೇಲೆ ಅದನ್ನೂ ತಿದ್ದಿದರು. “ಲಾಳಿನಾದ್ರೂ ಓಗಿ ಬರೋವಾಗ ಒಂದು ಎಳೆ ಬುಟ್ಟು ಬತ್ತದೆ. ಇವಳು ಸುಮ್ನೆ ಓಯ್ತಾಳೆ, ಸುಮ್ನೆ ಬತ್ತಾಳೆ.” ಶಾಲೆಯಲ್ಲಿ ಬೆಂಚಿನ ಕೆಳಗೆ ನನ್ನ ಕಾಲು ಅಲ್ಲಾಡಿ ಅಲ್ಲಾಡಿ ಪಕ್ಕದವಳ ಮಸಿಕುಡಿಕೆ ಉರುಳುತ್ತಿತ್ತು. ಶಾಲೆಯದು ತಮಿಳು. ಮನೆಯದು ಕನ್ನಡ. ಕನ್ನಡ ಅಕ್ಷರ ಕಲಿಸಿದ್ದು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದ ನನ್ನ ಅಮ್ಮ, ಅದೂ ಮೂರು ವರ್ಷ ಹಿಡಿಯಿತು. ಯಾಕೆಂದರೆ ಒಂದು ಒತ್ತಕ್ಷರ ಬರೆಯುವಷ್ಟರಲ್ಲಿ ನಾನು ಎರಡು ಸಲ ನೀರು ಕುಡಿದು ಬರುತ್ತಿದ್ದೆ.

ಮಗ್ಗ ಮಾರಿ ಅಪ್ಪ ತಿರುಪ್ಪೂರಿಗೆ ಬಂದು ನೂಲಿನ ಏಜೆಂಟರಾದರು. ಆಗಿನ ತಿರುಪ್ಪೂರು ನನ್ನಂಥದೇ ಊರು. ಒಂದು ಗಳಿಗೆ ಕೂರುತ್ತಿರಲಿಲ್ಲ. ನಿನ್ನೆ ದನದ ಕೊಟ್ಟಿಗೆಯಾಗಿದ್ದದ್ದು ಇವತ್ತು ಬನಿಯನ್ ಕಂಪನಿ. ಓಣಿ ಓಣಿಯಲ್ಲಿ ನಿಟ್ಟಿಂಗ್ ಮಿಷನ್ನುಗಳು ಗಿರಗಿರ ತಿರುಗುತ್ತಿದ್ದವು, ಮಾತಾಡಬೇಕೆಂದರೆ ಕೂಗಬೇಕಿತ್ತು. ವಿದೇಶದಿಂದ ಆರ್ಡರು ಬರತೊಡಗಿದ ಕಾಲ. ಕೈಯಲ್ಲಿ ಹೊಸದಾಗಿ ದುಡ್ಡು ಕಂಡವರಿಗೆ ಸಂಜೆ ಏನು ಮಾಡುವುದೆಂದು ತಿಳಿಯದು. ಅದನ್ನು ತಿಳಿಸಿಕೊಡಲು ಬ್ರಾಂದಿ ಅಂಗಡಿ, ಬಿಯರು ಅಂಗಡಿ ಒಂದರ ಪಕ್ಕ ಒಂದು ಬಾಗಿಲು ತೆರೆದವು. ಪರ್ಮಿಟ್ ಹಿಡಿದವರಿಗಷ್ಟೇ ಮದ್ಯ ಸಿಗುತ್ತಿದ್ದ ಕಾಲ ಮುಗಿದು, ಹೂವಿನಂಗಡಿಯ ಪಕ್ಕದಲ್ಲೇ ಐಸ್ ಪೆಟ್ಟಿಗೆ ಇಟ್ಟು ಬಾಟಲಿ ಜೋಡಿಸುತ್ತಿದ್ದರು. ನಾನು ಒಂದು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಟೈಪಿಸ್ಟಾಗಿದ್ದೆ. ದಿನವಿಡೀ ನಾನು ಕಾಣದ ಊರುಗಳ ವಿಳಾಸ ಹೊಡೆಯುವುದು, ಸಂಜೆ ಆ ಅಂಗಡಿಗಳ ಮುಂದೆ ತಲೆ ತಗ್ಗಿಸಿಕೊಂಡು ಮನೆಗೆ ಬರುವುದು. ರಾಟರ್‌ಡ್ಯಾಮ್ ಎಂದು ಟೈಪು ಮಾಡಿದ ಬೆರಳು ಅದೇ ಸಂಜೆ ಮನೆಯಲ್ಲಿ ಹುಣಸೆಹಣ್ಣು ಹಿಂಡುವಾಗ, ನನಗೆ ಎಲ್ಲಿಗಾದರೂ ಎದ್ದು ಹೋಗಿಬಿಡಬೇಕು ಅನ್ನಿಸುತ್ತಿತ್ತು. ಎಲ್ಲಿಗೆ ಎಂದು ಕೇಳಿದರೆ ಗೊತ್ತಿಲ್ಲ. ಮನೆಯವರಿಗೆ ಗೊತ್ತಿತ್ತು. ಗಂಡನ ಮನೆಗೆ.

ಅಪ್ಪ ಆ ಅಂಗಡಿಗಳ ಮುಂದೆ ನಡೆಯುತ್ತಲೇ ಇರಲಿಲ್ಲ. ರಸ್ತೆ ದಾಟಿ ಆಚೆ ಬದಿಗೆ ಹೋಗಿ, ಮತ್ತೆ ದಾಟಿ ಈಚೆಗೆ ಬರುತ್ತಿದ್ದರು. ಅಂಗಡಿಗಳು ಹೆಚ್ಚಾದಂತೆ ಅಪ್ಪ ರಸ್ತೆ ದಾಟುವುದೂ ಹೆಚ್ಚಾಗಿ, ಒಮ್ಮೆ ಲಾರಿಗೆ ಸಿಕ್ಕುವುದರಲ್ಲಿದ್ದರು. ಕಾರಣ ನಮಗೆಲ್ಲ ಗೊತ್ತಿದ್ದದ್ದೇ. ನಮ್ಮ ತಾತ ಒಳ್ಳೆಯ ನೇಕಾರ, ಅಷ್ಟೇ ಒಳ್ಳೆಯ ಕುಡುಕ. ಸೀರೆ ಮಗ್ಗದಿಂದ ಇಳಿದ ದಿನ ಅವರು ಕಳ್ಳಿನಂಗಡಿಯಿಂದ ಏಳುತ್ತಿರಲಿಲ್ಲ. ಅಜ್ಜಿಯ ಎಡಗೈ ಕೊನೆಯವರೆಗೂ ನೆಟ್ಟಗಾಗಲಿಲ್ಲ. ಯಾಕೆಂದು ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಇಂಥ ಮನೆಗೆ ಪೆನಾಂಗಿನಿಂದ ಅತ್ತೆ ಬಂದರು.

ಅಪ್ಪನಿಗಿಂತ ಐದು ವರ್ಷ ದೊಡ್ಡವರು, ಒಬ್ಬರೇ ಅಕ್ಕ. ಹೆಸರು ನಾಗಮಣಿ. ಮದುವೆಯಾದ ಹೊಸತರಲ್ಲೇ ಗಂಡನ ಜೊತೆ ಹಡಗು ಹತ್ತಿದವರು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಪೆನಾಂಗಿನಲ್ಲಿ ಮಾವನದು ಬಟ್ಟೆ ಅಂಗಡಿ. ಮಕ್ಕಳಿಲ್ಲ. ಮಾವ ತೀರಿಕೊಂಡ ಮೇಲೆ ಅಂಗಡಿ ಕೈಬಿಟ್ಟು, ಇನ್ನೇನು ಮಾಡಲಿ ಎಂದು ತಮ್ಮನ ಮನೆಗೆ ಹೊರಟು ಬಂದರು. ಅಪ್ಪ ಮದರಾಸಿಗೇ ಹೋಗಿ ಕರೆತಂದರು. ಅಕ್ಕ ಬಂದಳೆಂಬ ಸಂತೋಷಕ್ಕೆ ಸ್ಟೇಷನ್ನಿನಿಂದ ಮನೆವರೆಗೆ ಅತ್ತೆಯ ಟ್ರಂಕನ್ನು ತಾವೇ ಹೆಗಲ ಮೇಲೆ ಹೊತ್ತಿದ್ದರು.

ಟ್ರಂಕಿನಲ್ಲಿ ಹೂವು ಹೂವಿನ ಲುಂಗಿಗಳು, ಬಿಸ್ಕತ್ತಿನ ಡಬ್ಬ, ಗಾಜಿನ ಒಂದು ಲೋಟ. ಅತ್ತೆಯ ಕನ್ನಡ ಅವರು ಹೊರಟ ಕಾಲದ ಕನ್ನಡ. ನಮ್ಮ ಬಾಯಲ್ಲಿ ತಮಿಳು ಬಂದು ಕೂತಿದ್ದ ಜಾಗಗಳಲ್ಲೆಲ್ಲ ಅವರ ಬಾಯಲ್ಲಿ ಹಳೆಯ ಮಾತುಗಳು ಇದ್ದಲ್ಲೇ ಇದ್ದವು. ಆದರೆ ಪ್ರತಿ ಮಾತಿನ ತುದಿಗೆ ಒಂದು “ಲಾ” ಅಂಟಿಕೊಂಡಿತ್ತು, ಅದು ಆ ದೇಶದ್ದು. “ಸೆರಿ ಲಾ.” “ಬೇಡ ಲಾ.” ಎರಡೇ ವಾರದಲ್ಲಿ ನಮ್ಮ ಓಣಿಯ ಮಕ್ಕಳೆಲ್ಲ ಲಾ ಹಚ್ಚಿ ಮಾತಾಡತೊಡಗಿದವು. ನನ್ನನ್ನು ಅತ್ತೆ ಮುದ್ದಿಗೆ “ಕಣ್ಣು” ಎಂದು ಕರೆಯುತ್ತಿದ್ದರು.

ಅತ್ತೆಯಲ್ಲಿ ನನಗೆ ಮೊದಲು ಕಂಡದ್ದು ಅವರ ಕಾಲು. ಸಂಜೆಯ ದೀಪ ಹಚ್ಚುವ ಹೊತ್ತಾಗುತ್ತಲೇ ಅವರಿಗೆ ಕೂರಲು ಆಗುತ್ತಿರಲಿಲ್ಲ. ಮೆಟ್ಟಿಲು ಹತ್ತುವರು, ಇಳಿಯುವರು, ಗೇಟಿನವರೆಗೆ ಹೋಗಿ ಬರುವರು. ಮನೆಯಲ್ಲಿ ನನ್ನೊಬ್ಬಳಿಗೇ ಇದ್ದ ರೋಗ ಇನ್ನೊಬ್ಬರಿಗೂ ಇರುವುದು ಕಂಡು ನನಗೆ ಒಂದು ಥರ ಖುಷಿ. ನಾನೂ ಜೊತೆಗೆ ಹತ್ತಿ ಇಳಿಯುತ್ತಿದ್ದೆ. ನಮ್ಮಿಬ್ಬರನ್ನೂ ನೋಡಿ ಅಮ್ಮನಿಗೆ ತಲೆ ತಿರುಗುತ್ತಿತ್ತು.

“ಏನತ್ತೆ, ಯಾತಕ್ಕಿಂಗೆ ಓಡಾಡ್ತೀರಿ?” ಎಂದು ಕೇಳಿದೆ ಒಂದು ಸಂಜೆ.

“ಈ ಒತ್ತಿಗೆ ಅಂಗಡಿ ಮುಚ್ಚಿ ನಿಮ್ಮ ಮಾಮ ಮೇಲಕ್ಕೆ ಬರ್ತಾ ಇದ್ರು ಕಣ್ಣು. ಇಬ್ರೂ ಕೂತು ಒಂದು ಬಾಟ್ಲು ಕರಿ ಬಿಯರು ಅಂಚ್ಕೊತಿದ್ವಿ. ನಂಗೆ ಅರ್ಧ ಲೋಟ, ಮಿಕ್ಕಿದ್ದು ಅವರಿಗೆ. ಮೂವತ್ತು ವರ್ಸ ಕೂತ ಒತ್ತು, ಈಗ ನಿಲ್ಲು ಅಂದ್ರೆ ಕಾಲು ಕೇಳಾಕಿಲ್ಲ ಲಾ.”

ಬಿಯರು ಎಂಬ ಮಾತನ್ನು ಅವರು ಹೇಳಿದ್ದು ನಾವು ಮಜ್ಜಿಗೆ ಎನ್ನುವ ಹಾಗೆ. ನಾನು ಸುತ್ತ ನೋಡಿದೆ. ಮಿಷನ್ನುಗಳ ಸದ್ದಿನಲ್ಲಿ ಯಾರಿಗೂ ಕೇಳಿರಲಿಲ್ಲ.

ಮುಚ್ಚಿಟ್ಟು ಮಾಡುವುದು ಅತ್ತೆಗೆ ಗೊತ್ತಿರಲಿಲ್ಲ. ಮಾರನೆಯ ದಿನ ಊಟಕ್ಕೆ ಕೂತಾಗ ಅಪ್ಪನನ್ನು ನೇರವಾಗಿ ಕೇಳಿಯೇಬಿಟ್ಟರು. “ರಂಗಾ, ಈ ಊರಾಗೆ ಇಷ್ಟೊಂದು ಬಿಯರಂಗಡಿ ಅವೆ. ಕರೀದು ಎಲ್ಲಿ ಸಿಗ್ತದೆ ವಿಚಾರ್ಸು ಲಾ.”

ಅಪ್ಪನ ಕೈಯ ತುತ್ತು ಎಲೆಗೆ ಬಿತ್ತು. ಆಮೇಲೆ, “ಈ ಮನೇಲಿ ಅದು ಬೇಡಕ್ಕಾ,” ಎಂದರು. ದನಿ ಏರಿಸಲಿಲ್ಲ. ಎದ್ದು ಕೈ ತೊಳೆಯಲು ಹೋದವರು ತಿರುಗಿ ಬರಲಿಲ್ಲ.

“ಸೆರಿ,” ಎಂದರು ಅತ್ತೆ ಖಾಲಿ ಮಣೆಯ ಕಡೆ ನೋಡಿ.

ಆಮೇಲೆ ಅವರು ಆ ಮಾತೆತ್ತಲಿಲ್ಲ. ಮೆಟ್ಟಿಲು ಹತ್ತುವುದು ಇಳಿಯುವುದು ಮಾತ್ರ ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ನನಗೊಂದು ಸಂಬಂಧ ಬಂತು. ವೆಳ್ಳಕೋಯಿಲಿನ ಕಡೆಯವರು, ನಮ್ಮ ಜನವೇ. ಹುಡುಗನದು ನೂಲಿನ ವ್ಯಾಪಾರ. ಮಾತುಕತೆಯೆಲ್ಲ ಹುಡುಗನ ದೊಡ್ಡಪ್ಪನದು. ಅವರು ದಲ್ಲಾಳಿಯ ಕೈಲಿ ಹೇಳಿ ಕಳಿಸಿದ್ದರಂತೆ, ತಮ್ಮ ಮನೆಯಲ್ಲಿ ವೀಳ್ಯದೆಲೆ ಕೂಡ ಹಾಕುವವರಿಲ್ಲ, ಹೆಣ್ಣೂ ಅಂಥ ಮನೆಯದೇ ಆಗಬೇಕು ಎಂದು. ಅಪ್ಪನಿಗೆ ಆ ಒಂದು ಮಾತೇ ಸಾಕಾಯಿತು. ನನ್ನ ಫೋಟೋ ಹೋಯಿತು. ಹೆಣ್ಣು ನೋಡುವ ದಿನ ಗೊತ್ತಾಯಿತು. ನನಗೆ ಬೇಕೋ ಬೇಡವೋ ನನಗೇ ತಿಳಿಯದು. ಆಫೀಸಿನಲ್ಲಿ ಟೈಪು ಮಾಡುವಾಗ ಸಾಲು ತಪ್ಪುತ್ತಿತ್ತು. ಒಂದು ಕಾಗದದಲ್ಲಿ ಡಿಯರ್ ಸರ್ ಎಂದು ಹೊಡೆಯಬೇಕಾದಲ್ಲಿ ಡಿಯರ್ ಬಿಯರ್ ಎಂದು ಹೊಡೆದೆ, ಮ್ಯಾನೇಜರು ಅದನ್ನು ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ ಓದಿದರು.

ಆ ದಿನಕ್ಕೊಂದು ಸೀರೆ ಬೇಕಲ್ಲ. ಅತ್ತೆಯೇ ಕೊಡಿಸುತ್ತೇನೆಂದು ನನ್ನನ್ನು ಕೊಯಮತ್ತೂರಿಗೆ ಹೊರಡಿಸಿದರು. ಸೀರೆ ಆರಿಸುವುದು ಬೇಗ ಮುಗಿಯಿತು, ಅತ್ತೆ ಬಟ್ಟೆ ಅಂಗಡಿಯಲ್ಲೇ ಬಾಳಿದವರು. ಹೊರಗೆ ಬಂದರೆ ಸುಡು ಬಿಸಿಲು. ಎದುರಿಗೆ ಒಂದು ಲಾಡ್ಜು, ಅದರ ಕೆಳಗೆ ಹೊಸ ಬಣ್ಣ ಬಳಿದ ಬಾರು. ಅತ್ತೆ ಬೋರ್ಡು ನೋಡಿದರು, ಕೊಡೆ ಮಡಿಸಿದರು.

“ಬಾ ಕಣ್ಣು.”

“ಅಯ್ಯೋ ಅತ್ತೆ! ಅಪ್ಪ ಬೇಡ ಅಂದವ್ರೆ.”

“ಅವನ ಮನೇಲಿ ಬೇಡ ಅಂದ. ಕೊಯಮತ್ತೂರು ಅವನ ಮನೆಯಾ?”

ಇದಕ್ಕೆ ಉತ್ತರ ಹುಡುಕುವ ಮೊದಲೇ ನನ್ನ ಕಾಲು ರಸ್ತೆ ದಾಟಿಬಿಟ್ಟಿತ್ತು.

ನಾವು ಒಳಗೆ ಕಾಲಿಟ್ಟಾಗ ಬಾರಿನಲ್ಲಿ ಫ್ಯಾನು ಬಿಟ್ಟರೆ ಉಳಿದೆಲ್ಲ ನಿಂತುಹೋಯಿತು. ಸರ್ವರು ಓಡಿ ಬಂದು ತಮಿಳಿನಲ್ಲಿ, “ಅಮ್ಮಾ, ಊಟದ ಹೋಟೆಲು ಪಕ್ಕದಲ್ಲಿ,” ಎಂದ. ಅತ್ತೆ, “ಊಟ ಆಯ್ತಪ್ಪ, ಕರಿ ಬಿಯರು ಇದೆಯಾ?” ಎಂದರು. ಅವನು ನಮ್ಮನ್ನು ಯಾರೂ ನೋಡದಿದ್ದರೆ ಸಾಕೆಂದು ಪರದೆ ಬಿಟ್ಟ ಒಂದು ಫ್ಯಾಮಿಲಿ ರೂಮಿಗೆ ನುಗ್ಗಿಸಿದ. ಅಲ್ಲಿ ಯಾವ ಫ್ಯಾಮಿಲಿಯೂ ಈವರೆಗೆ ಕೂತಂತಿರಲಿಲ್ಲ. ಬೆಂಚಿನ ಮೇಲೆ ಈರುಳ್ಳಿ ಮೂಟೆ ಇತ್ತು.

ಕರಿ ಬಿಯರು ಇತ್ತು! ಗಡಿಯಾಚೆ ಯಾರೋ ಹೊಸದಾಗಿ ಸಣ್ಣದೊಂದು ಬಿಯರು ಕಾರ್ಖಾನೆ ಹಾಕಿದ್ದರಂತೆ. ಹಳದಿ ಬಿಯರನ್ನು ಎಲ್ಲರೂ ಮಾಡುತ್ತಾರೆ, ನಾವೊಂದು ಕರೀದು ಮಾಡಿ ನೋಡೋಣವೆಂದು ಒಂದಿಷ್ಟು ಕಾಸಿ ಕಳಿಸಿದ್ದರಂತೆ. “ಯಾರೂ ಮುಟ್ಟೋದಿಲ್ಲಮ್ಮ, ಕೆಟ್ಟು ಕಪ್ಪಾಗಿದೆ ಅಂತ ಬಯ್ತಾರೆ,” ಎಂದು ಸರ್ವರು ಬಾಟಲಿಯ ಧೂಳನ್ನು ತನ್ನ ಹೆಗಲ ಟವೆಲಿನಲ್ಲಿ ಒರೆಸಿದ.

ಅತ್ತೆ ಲೋಟ ಓರೆ ಹಿಡಿದು ಮೆಲ್ಲಗೆ ಸುರಿದರು. ನಮ್ಮ ಮನೆಯ ಡಿಕಾಕ್ಷನ್ನಿಗಿಂತ ಕಪ್ಪು. ಮೇಲೆ ಕಂದು ನೊರೆ ಎದ್ದು ಅಲ್ಲೇ ನಿಂತಿತು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಒಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು, ಆಮೇಲೆ ನುಂಗಿದರು.

“ಅಲ್ಲೀದಲ್ಲ,” ಎಂದರು. “ಆದ್ರೆ ಪರ್ವಾಯಿಲ್ಲ. ಮಾಡಿದವನು ಮನಸಿಟ್ಟು ಮಾಡವ್ನೆ.”

ನನಗೂ ಒಂದು ಲೋಟದಲ್ಲಿ ಎರಡು ಬೆರಳಿನಷ್ಟು ಹಾಕಿದರು. “ಬೇಕಂದ್ರೆ ಕುಡಿ, ಬೇಡ ಅಂದ್ರೆ ಬುಡು.”

ಬೇಡ ಅನ್ನಬಹುದಿತ್ತು. ನಾನು ಕುಡಿದೆ. ಮೊದಲು ನೊರೆ ಮೀಸೆಯಾಯಿತು. ಆಮೇಲೆ ಕಹಿ. ಒಲೆಯ ಮೇಲೆ ಮರೆತ ರಾಗಿ ಗಂಜಿಯ ತಳ ಕೆರೆದು ಬಾಯಿಗೆ ಹಾಕಿದ ಹಾಗೆ. ಮುಖ ಕಿವುಚಿದೆ. ಕಹಿ ಇಳಿದ ಮೇಲೆ ಹಿಂದಿನಿಂದ ಕರಿಬೆಲ್ಲದಂಥದೊಂದು ಸಿಹಿ ಬಂತು, ಬಂದದ್ದು ಗೊತ್ತಾಗುವಷ್ಟರಲ್ಲಿ ಹೋಯಿತು. ಅದು ನಿಜವಾಗಿ ಬಂದಿತ್ತೇ ಎಂದು ನೋಡಲು ಇನ್ನೊಂದು ಗುಟುಕು ಬೇಕಾಯಿತು. ಆಮೇಲೆ ಇನ್ನೊಂದು. ನನ್ನಂಥವಳಿಗೆ ಹೇಳಿ ಮಾಡಿಸಿದ ಪಾನೀಯ, ನಾಲಗೆಯನ್ನು ಒಂದು ಕಡೆ ನಿಲ್ಲಗೊಡದು.

“ನಂಗೆ ಇದನ್ನ ಮೊದಲು ಕುಡಿಸಿದ್ದು ಪಕ್ಕದ ಮನೆ ಚೀನಾ ಅಮ್ಮ,” ಎಂದರು ಅತ್ತೆ. “ಅಲ್ಲಿ ಬಾಣಂತೀರಿಗೆ ಕೊಡೋರು. ಮೈಗೆ ಸಕ್ತಿ ಅಂತ.”

ಬಾಣಂತಿ ಎಂದ ಕೂಡಲೇ ನಾನು ಅವರ ಮುಖ ನೋಡಿದೆ. ಅತ್ತೆಗೆ ಮಕ್ಕಳಿಲ್ಲ ಎಂದೇ ನಮ್ಮ ಮನೆಯ ಲೆಕ್ಕ.

“ಒಂದು ಆಯ್ತು ಕಣ್ಣು. ಎಣ್ಣು ಕೂಸು. ಒಂದು ದಿನ ಇತ್ತು.” ಅವರು ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಿದ್ದರು. “ಕೂಸಿಲ್ದ ಬಾಣಂತಿಗೆ ಯಾರು ಏನು ಮಾಡ್ತಾರೆ? ಸೊಂಟಕ್ಕೆ ಬಟ್ಟೆ ಕಟ್ಟೋರಿಲ್ಲ, ತಲೆಗೆ ನೀರು ಹಾಕೋರಿಲ್ಲ. ಆ ಚೀನಾ ಅಮ್ಮ ಮಾತ್ರ ದಿನಾ ಸಂಜೆ ಬಂದು, ಇದನ್ನ ಅರ್ಧ ಲೋಟ ಕುಡಿಸಿ ಓಗೋಳು. ಅವಳ ಮಾತು ನಂಗೆ ತಿಳೀದು, ನನ್ನ ಮಾತು ಅವಳಿಗೆ ತಿಳೀದು. ನೀನು ಕೂಸು ಎತ್ತಿದ್ದು ನಿಜ ಅಂತ ಅವಳು ಏಳ್ದಂಗೆ ಇರ್ತಿತ್ತು ಲಾ. ನಲವತ್ತು ದಿನ ಆದ್ಮೇಲೆ ಅವಳು ನಿಲ್ಲಿಸಿದ್ಲು. ನಿಮ್ಮ ಮಾಮ ನಿಲ್ಲಿಸ್ಲಿಲ್ಲ.”

ನನ್ನ ಕಾಲು ಅಲ್ಲಾಡುವುದು ನಿಂತಿದ್ದು ಆಗ ಗಮನಕ್ಕೆ ಬಂತು. ಅದು ಬಿಯರಿನ ಗುಣವೋ, ಆ ಮಾತಿನದೋ.

ಅತ್ತೆ ಅರ್ಧ ಲೋಟ ಕುಡಿದು ಬಾಟಲಿ ದೂಡಿದರು. ಎದ್ದು ಪರದೆ ಸರಿಸಿದಾಗ ಎದುರಿನ ಮೂಲೆಯ ಮೇಜಿನಲ್ಲಿ ಒಬ್ಬ ದಪ್ಪ ಮನುಷ್ಯ, ಕಿವಿಯಲ್ಲಿ ಕೆಂಪು ಕಲ್ಲಿನ ಕಡುಕು, ಮುಂದೆ ಎರಡು ಬಾಟಲಿ. ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಬಾರಿನಲ್ಲಿ ಹೆಂಗಸರನ್ನು ಕಂಡರೆ ಯಾರಾದರೂ ನೋಡಿಯಾರು ಎಂದುಕೊಂಡು ನಾನು ಸೀರೆಯ ಪೊಟ್ಟಣ ಎದೆಗವಚಿ ಹೊರಗೋಡಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏಲಕ್ಕಿ ಜಗಿದೆ.

ಹೆಣ್ಣು ನೋಡುವ ದಿನ ನಾನು ಕಾಫಿ ತಟ್ಟೆ ಹಿಡಿದು ಹೊರಗೆ ಬಂದಾಗ ಜಮಖಾನೆಯ ನಡುವೆ ಕೂತಿದ್ದದ್ದು ಅದೇ ಕಡುಕು. ಹುಡುಗನ ದೊಡ್ಡಪ್ಪ! ಅವರು ಫೋಟೋ ನೋಡಿದ್ದರು, ಆ ದಿನ ನನ್ನ ಗುರುತು ಹಿಡಿದಿದ್ದರು. ನಾನು ಅವರನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ತಟ್ಟೆಯ ಲೋಟಗಳು ಒಂದಕ್ಕೊಂದು ಬಡಿದು ಗಿಣಗಿಣ ಎಂದವು. ನಾಚಿಕೆ ಎಂದುಕೊಂಡು ಹೆಂಗಸರು ಮೆಚ್ಚಿ ನಕ್ಕರು.

ದೊಡ್ಡಪ್ಪ ಕಾಫಿ ಮುಟ್ಟಲಿಲ್ಲ. ಗಂಟಲು ಸರಿಮಾಡಿಕೊಂಡು, “ಅಲ್ರೀ ರಂಗಸಾಮಿ, ನೀವು ಗೌರವಸ್ಥರು. ಎಂಗೆ ಏಳೋದು ಅಂತ ತಿಳೀತಿಲ್ಲ. ನಿಮ್ಮ ಮಗಳನ್ನ ನಾನು ಕೊಯಮತ್ತೂರಾಗೆ ಒಂದು ಬಾರಿನಾಗೆ ನೋಡಿದೆ. ಈ ಅಮ್ಮ ಜೊತೇಲಿದ್ರು,” ಎಂದರು.

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅಪ್ಪ ನನ್ನತ್ತ ನೋಡಲಿಲ್ಲ, ಅತ್ತೆಯತ್ತ ನೋಡಿದರು. ಏನಾದರೊಂದು ಸುಳ್ಳು ಹೇಳು ಎಂದು ಕೇಳಿಕೊಳ್ಳುವ ಹಾಗಿತ್ತು ಆ ನೋಟ.

“ಔದು, ನಾವೇ,” ಎಂದರು ಅತ್ತೆ ಸಂತೋಷದಿಂದ, ಗುರುತಿನವರು ಸಿಕ್ಕರು ಎಂಬಂತೆ. “ನೀವು ಮೂಲೇಲಿ ಕೂತಿದ್ರಿ, ಫ್ಯಾನು ಕೆಳಗೆ. ಅಳದಿ ಬಿಯರು. ಎಂಗಿತ್ತು ಅದು? ಚೆನ್ನಾಗಿತ್ತಾ?”

ಜಮಖಾನೆಯ ಮೇಲೆ ಕೂತವರೆಲ್ಲ ದೊಡ್ಡಪ್ಪನ ಕಡೆ ತಿರುಗಿದರು. ಹುಡುಗ ಕೂಡ. ಅವನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ. ಒಳ್ಳೆಯವನೇ ಇರಬೇಕು ಪಾಪ.

“ನಾನು... ಯಾಪಾರದ ವಿಷಯಕ್ಕೆ ಓಗಿದ್ದೆ,” ಎಂದರು ದೊಡ್ಡಪ್ಪ. “ಗಂಡಸರು ಅಲ್ಲಿಗೆ ಓದ್ರೆ ಬೇರೆ, ಎಂಗಸರು ಓದ್ರೆ ಬೇರೆ.”

“ನಾವು ಸೀರೆ ವಿಷಯಕ್ಕೆ ಓಗಿದ್ವಿ ಲಾ.”

ಅಪ್ಪ ಎದ್ದು ನಿಂತು ಕೈಮುಗಿದರು. “ಕಾಪಿ ಆರ್ತಾ ಇದೆ. ಕುಡಿದು ಓಗಿ,” ಎಂದರು. ಹೋಗಿ ಎಂಬುದನ್ನು ಅಷ್ಟು ಮರ್ಯಾದೆಯಿಂದ ಹೇಳಿದ್ದನ್ನು ನಾನು ಮತ್ತೆ ಕೇಳಿಲ್ಲ. ಅವರು ಹೋದರು. ಕಾಫಿ ಕುಡಿದವನು ಹುಡುಗನೊಬ್ಬನೇ.

ಬೈಗುಳ ಬಂದಿದ್ದರೆ ಚೆನ್ನಾಗಿತ್ತು. ಅಪ್ಪ ಬಯ್ಯಲಿಲ್ಲ. ಮಾತು ಬಿಟ್ಟರು, ನನ್ನ ಜೊತೆಗೂ ಅಕ್ಕನ ಜೊತೆಗೂ. ಕೆಲಸಕ್ಕೆ ಹೋಗುವರು, ಬರುವರು, ಗೋಡೆ ನೋಡಿಕೊಂಡು ಉಣ್ಣುವರು. ಅತ್ತೆಯ ಟ್ರಂಕು ಮಂಚದ ಕೆಳಗಿನಿಂದ ಗೋಡೆಯ ಪಕ್ಕಕ್ಕೆ ಬಂದಿತು. ಬಟ್ಟೆಗಳನ್ನು ಒಂದೊಂದಾಗಿ ಅದರೊಳಗೆ ಜೋಡಿಸುತ್ತಿದ್ದರು. ಎಲ್ಲಿಗೆ ಎಂದು ಅವರಿಗೂ ತಿಳಿದಿರಲಿಲ್ಲ. ನಾನು ಅಡಿಗೆಮನೆಗೂ ಅವರ ಕೋಣೆಗೂ ನಡುವೆ ಹೋಗುತ್ತ ಬರುತ್ತ ಹೊಸಿಲು ಸವೆಸಿದೆ.

ಅಮ್ಮ ಮೂರು ದಿನ ಅತ್ತರು. ನಾಲ್ಕನೆಯ ದಿನ ನಾನು ಕಾಯಿ ತುರಿಯುತ್ತಿದ್ದಾಗ ಹತ್ತಿರ ಬಂದು, ಹೊರಗೆ ಯಾರೂ ಇಲ್ಲವೆಂದು ನೋಡಿಕೊಂಡು, “ಎಂಗಿತ್ತೇ ಅದು?” ಎಂದು ಕೇಳಿದರು.

“ಯಾವುದು?”

“ಅದೇ ಕಣೇ, ಕರೀದು.”

“ಸೀದ ರಾಗಿ ಗಂಜಿ ಇರ್ತದಲ್ಲಮ್ಮ, ಅಂಗೆ.”

ಅಮ್ಮ ಯೋಚಿಸಿದರು. “ಅದಕ್ಕೆ ಕೊಯಮತ್ತೂರಿಗೆ ಓಗ್ಬೇಕಿತ್ತಾ? ನೀನು ವಾರಕ್ಕೊಂದ್ಸಲ ಮನೇಲೇ ಸೀಸ್ತೀಯಲ್ಲ,” ಎಂದು ಮೂಗು ಒರೆಸಿಕೊಂಡು ಹೋದರು. ಅಲ್ಲಿಗೆ ಅಮ್ಮನ ಸಿಟ್ಟು ಮುಗಿಯಿತು.

ಅಪ್ಪನ ಮೌನ ಮುರಿದದ್ದು ಕರೆಂಟು ಹೋದಾಗ. ತಿರುಪ್ಪೂರಿನಲ್ಲಿ ಆಗ ಕರೆಂಟು ಹೋದರೆ ಇಡೀ ಓಣಿಯ ಮಿಷನ್ನುಗಳು ಒಟ್ಟಿಗೆ ನಿಂತು, ಇಷ್ಟು ಹೊತ್ತು ಎಷ್ಟು ಗದ್ದಲವಿತ್ತು ಎನ್ನುವುದು ಕಿವಿಗೆ ತಿಳಿಯುತ್ತಿತ್ತು. ಭಾನುವಾರದ ಮಧ್ಯಾಹ್ನ. ಅಪ್ಪ ನೂಲಿನ ಚೀಲದ ಮೇಲೆ ಕೂತಿದ್ದರು. ಅತ್ತೆ ಟ್ರಂಕಿನ ಮುಂದೆ. ನಾನು ಮೆಟ್ಟಿಲ ಮೇಲೆ ನಿಂತವಳು ಇಳಿಯಲೂ ಆಗದೆ ಹತ್ತಲೂ ಆಗದೆ ಅಲ್ಲೇ ಉಳಿದೆ.

“ಅಕ್ಕಾ,” ಎಂದರು ಅಪ್ಪ. “ಅಪ್ಪನ ಮೈ ವಾಸನೆ ನಿಂಗೆ ಮರೆತೋಯ್ತಾ?”

“ನಂಗೆ ಮರೀತದಾ? ಅವರನ್ನ ಅಂಗಡಿಯಿಂದ ಎಬ್ಬಿಸ್ಕೊಂಡು ಬರ್ತಿದ್ದೋಳು ನಾನು. ನೀನು ಅವ್ವನ ಸೆರಗಿನಾಗೆ ಇದ್ದೆ.”

“ಅಂಗಿದ್ಮೇಲೆ ಎಂಗೆ ಬಾಯಿಗೆ ಇಟ್ಕೊಂಡೆ? ನಂಗೆ ರಸ್ತೇಲಿ ಆ ವಾಸನೆ ಬಂದ್ರೆ ಅವ್ವನ ಕೈ ಕಣ್ಮುಂದೆ ಬತ್ತದೆ.”

ಅತ್ತೆ ಟ್ರಂಕಿನ ಮುಚ್ಚಳ ಹಾಕಿದರು. ಆಮೇಲೆ ಬಾರಿನಲ್ಲಿ ನನಗೆ ಹೇಳಿದ್ದನ್ನೇ ಹೇಳಿದರು. ಕೂಸು, ಒಂದು ದಿನ, ಚೀನಾ ಅಮ್ಮ, ಅರ್ಧ ಲೋಟ. ನನಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ ಹೇಳಿದರು.

ಅಪ್ಪ ಚೀಲದಿಂದ ಎದ್ದರು. ಎದ್ದವರಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ, ಮತ್ತೆ ಕೂತರು. “ನಂಗೆ ಒಂದು ಮಾತು ಯಾಕೆ ಏಳ್ಲಿಲ್ಲ?”

“ಕಾಗ್ದ ಬರೆಯಾಕೆ ನಂಗೆಲ್ಲಿ ಬತ್ತದೆ? ನಿಮ್ಮ ಬಾವನ ಕೈಲಿ ಬರೆಸ್ಬೇಕು. ಅವರಿಗೆ ಅದನ್ನ ಬರೆಯಾಕೆ ಆಗ್ಲಿಲ್ಲ.”

“ಗಂಡಾ, ಎಣ್ಣಾ?”

“ಎಣ್ಣು.”

ಅಪ್ಪ ಇನ್ನೇನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟು ಬಂತು. ಓಣಿಯ ಮಿಷನ್ನುಗಳೆಲ್ಲ ಒಟ್ಟಿಗೆ ಹೊರಟವು. ಅವರ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಅತ್ತೆಗೂ ಕೇಳಿಸಿರಲಾರದು.

ಇಷ್ಟಾದ ಮೇಲೆ ಅಪ್ಪ ಮನಸ್ಸು ಬದಲಿಸಿ ಮನೆಗೆ ಬಾಟಲಿ ತಂದರು ಎಂದುಕೊಂಡಿರಾ? ಇಲ್ಲ. ಆ ಮನೆಯೊಳಗೆ ಅದು ಬರಲೇ ಇಲ್ಲ, ಬರಲಿ ಎಂದು ಅತ್ತೆ ಕೇಳಲೂ ಇಲ್ಲ. “ಅವನಿಗೆ ಅವ್ವನ ಕೈ, ನಂಗೆ ನನ್ನ ಕೂಸು. ಒಂದು ಮನೆಗೆ ಎರಡೂ ಇಡಿಯಾಕಿಲ್ಲ ಲಾ,” ಎಂದರು ನನಗೆ. ಕೊಯಮತ್ತೂರಿನಲ್ಲಿ ಎರಡು ಕೋಣೆಯ ಒಂದು ಮನೆ ನೋಡಿಕೊಟ್ಟದ್ದು ಅಪ್ಪನೇ. ಹೆಂಗಸು ಒಬ್ಬಳೇ ಹೇಗಿರುತ್ತಾಳೆ ಎಂಬ ಮಾತು ಬಂತು. ಆ ಮಾತು ಮುಗಿಯುವ ಮೊದಲೇ ನಾನು ಜೊತೆಗೆ ಹೋಗುತ್ತೇನೆಂದೆ. ಅಪ್ಪ ನನ್ನನ್ನು ನೋಡಿದರು. ಹೆಣ್ಣು ನೋಡುವ ದಿನದಿಂದ ಅವರು ನನ್ನ ಮುಖ ನೋಡಿದ್ದು ಅದೇ ಮೊದಲು. “ಅಲ್ಲಾದ್ರೂ ಕೂತ್ಕೋ ಒಂದು ಕಡೆ,” ಎಂದರು. ಅದೇ ಅಪ್ಪಣೆ.

ಪಂಪುಸೆಟ್ಟಿನ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಅತ್ತೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ತುಂಡುಗಳ ವ್ಯಾಪಾರ ಹಚ್ಚಿದರು. ಕರಿ ಬಿಯರನ್ನು ಆ ಬಾರಿನ ಸರ್ವರೇ ಚೀಲದಲ್ಲಿ ತಂದುಕೊಡುತ್ತಿದ್ದ. ಅವರ ಬಾರಿನಲ್ಲಿ ಅದಕ್ಕೆ ಗಿರಾಕಿ ನಾವೊಬ್ಬರೇ. ಊರಲ್ಲಿ ಹಳದಿ ಬಿಯರಿನ ಬೋರ್ಡುಗಳು ತಿಂಗಳು ತಿಂಗಳಿಗೂ ಹೆಚ್ಚುತ್ತಿದ್ದವು. ಕರಿಯದು ಇವತ್ತು ನಿಂತೀತು, ನಾಳೆ ನಿಂತೀತು ಎಂದು ಅವನು ಪ್ರತಿ ಸಲ ಹೆದರಿಸುವನು. ನಾನು ಕುಡಿಯುತ್ತಿದ್ದೆನೇ ಎಂದು ನೀವು ಕೇಳಬಹುದು. ಭಾನುವಾರ ಎರಡು ಬೆರಳು. ಆ ಸಿಹಿ ಬಂದು ಹೋಗುವುದನ್ನು ಹಿಡಿಯುವ ಹಟಕ್ಕೆ. ಒಂದು ಸಲವೂ ಹಿಡಿಯಲಾಗಲಿಲ್ಲ.

ಅಪ್ಪ ತಿಂಗಳಿಗೊಮ್ಮೆ ನೂಲಿನ ಕೆಲಸಕ್ಕೆ ಬಂದಾಗ ಮನೆಗೂ ಬರುವರು. ಬಂದರೂ ಹೊರಗಿನ ಕೋಣೆಯಲ್ಲೇ ಕೂತು, ನೀರು ಕುಡಿದು, ಬೆಳಕಿರುವಾಗಲೇ ಬಸ್ಸಿಗೆ ಹೊರಡುವರು. ದೀಪದ ಹೊತ್ತಿಗೆ ಅಲ್ಲಿ ಏನು ನಡೆಯುತ್ತದೆಂದು ಅವರಿಗೆ ಗೊತ್ತು. ಅದಕ್ಕೆ ಮೊದಲೇ ಎದ್ದುಬಿಡುವುದು ಅವರ ಉಪಾಯ.

ಪೊಂಗಲಿನ ಮಾರನೆಯ ದಿನ ಅವರು ಬಂದದ್ದೇ ತಡವಾಗಿತ್ತು. ಚಳಿಗೆ ಅತ್ತೆಯ ಬೆರಳ ಗಿಣ್ಣುಗಳು ಊದಿಕೊಂಡಿದ್ದವು. ಹೊತ್ತು ಮುಳುಗಿತು. ಅಪ್ಪ ಚೀಲ ಕೈಗೆತ್ತಿಕೊಂಡರು. ಅತ್ತೆ ಒಳಗಿನ ಕೋಣೆಯಲ್ಲಿ ಬಾಟಲಿ ತೆಗೆಯಲು ಒದ್ದಾಡುತ್ತಿದ್ದರು. ಓಪನರು ಜಾರಿ ನೆಲಕ್ಕೆ ಬಿದ್ದ ಸದ್ದು. ಎತ್ತಿಕೊಂಡರು. ಮತ್ತೆ ಬಿತ್ತು. ನಾನು ಏಳುವಷ್ಟರಲ್ಲಿ ಅಪ್ಪ ಚೀಲ ಕೆಳಗಿಟ್ಟು ಒಳಗೆ ಹೋಗಿದ್ದರು.

“ಕೊಡಿಲ್ಲಿ.”

“ಬೇಡ ರಂಗಾ. ನೀನು ಮುಟ್ಬೇಡ.”

“ಕೊಡಕ್ಕಾ ಅಂದೆ.”

ಐವತ್ತು ದಾಟಿದ ಅಪ್ಪ ಜೀವಮಾನದಲ್ಲಿ ಅಂಥ ಬಾಟಲಿ ಮುಟ್ಟಿರಲಿಲ್ಲ. ನೂಲಿನ ಗಂಟು ಬಿಚ್ಚುವವರ ಹಾಗೆ ಮುಚ್ಚಳದ ಸುತ್ತ ಓಪನರು ಆಡಿಸಿದರು, ಬಾಟಲಿ ಕುಲುಕಿದರು. ಮುಚ್ಚಳ ಹಾರಿದಾಗ ನೊರೆ ಉಕ್ಕಿ ಅವರ ಕೈ, ಅಂಗಿಯ ತೋಳು, ಹಬ್ಬಕ್ಕೆಂದು ಉಟ್ಟಿದ್ದ ಬಿಳಿ ಪಂಚೆ ಎಲ್ಲ ಕಂದಾಯಿತು. ಕೋಣೆ ತುಂಬ ಆ ವಾಸನೆ. ನಾನು ತಂಬಿಗೆಯಲ್ಲಿ ನೀರು ತಂದು ಬಾಗಿಲಲ್ಲಿ ನಿಂತೆ. ಅಪ್ಪ ಕೈ ಚಾಚಲಿಲ್ಲ. ಅತ್ತೆಯ ಲೋಟಕ್ಕೆ ಅರ್ಧದವರೆಗೆ ಸುರಿದು, ಒದ್ದೆ ಪಂಚೆಯಲ್ಲೇ ಮಂಚದ ತುದಿಗೆ ಕೂತರು.

“ಯಾರಂಗೆ ಇದ್ಲಕ್ಕಾ ಆ ಕೂಸು?” ಎಂದು ಕೇಳಿದರು.

ಅತ್ತೆ ಲೋಟ ಹಿಡಿದುಕೊಂಡು ತಮ್ಮನ ಮುಖವನ್ನು ತುಂಬ ಹೊತ್ತು ನೋಡಿದರು.

“ಮೂಗು ನಿಂದೇ ಲಾ,” ಎಂದರು.

ಆ ದಿನ ಅಪ್ಪ ತಿರುಪ್ಪೂರಿನ ಬಸ್ಸು ಹಿಡಿಯಲಿಲ್ಲ.